ಕೆಮ್ಮೈರನ ಹರಕೆ

ಪುಟ್ಟಕ್ಕನ ಬೆನ್ನಿನ ಮೇಲೆ ಹೆಸರಿಗೂ ಒಂದು ಪುಕ್ಕ ಉಳಿದಿರಲಿಲ್ಲ. ಪುಟ್ಟಕ್ಕ ಎಂದರೆ ಉರ್ವದ ಚೆನ್ನಪ್ಪನ ಹಿತ್ತಿಲಿನ ಹಿರಿಯ ಹೇಂಟೆ. ದಿನ ಬಿಟ್ಟು ದಿನ ಮೊಟ್ಟೆ ಇಟ್ಟು ಮನೆಯ ಮರ್ಯಾದೆ ಕಾಯುತ್ತಿದ್ದವಳು, ಈಗ ಚೆನ್ನಪ್ಪನ ಹೆಂಡತಿ ಅಮ್ಮಣಿ ಹಳೇ ರವಿಕೆಯ ತುಂಡಿನಲ್ಲಿ ಹೊಲಿದುಕೊಟ್ಟ ಅಂಗಿ ತೊಟ್ಟು ಕಟ್ಟಿಗೆ ರಾಶಿಯ ಸಂದಿಯಲ್ಲಿ ಅವಿತುಕೊಂಡಿದ್ದಳು. ಉಳಿದ ಹೇಂಟೆಗಳ ಪಾಡೂ ಹೆಚ್ಚು ಕಡಿಮೆ ಅದೇ. ಮನೆಯಲ್ಲಿ ಮೊಟ್ಟೆ ಕಾಣದೆ ವಾರಗಳೇ ಆಗಿದ್ದವು.

ಕಾರಣವೇನೂ ಗುಟ್ಟಲ್ಲ. ಕಳೆದ ಮಳೆಗಾಲದ ಮರಿಗಳಲ್ಲಿ ನಾಲ್ಕು ಹುಂಜಗಳಾಗಿದ್ದವು, ನಾಲ್ಕಕ್ಕೂ ಒಟ್ಟಿಗೇ ಪ್ರಾಯ ಬಂದಿತ್ತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದೇ ತಡ, ಹೇಂಟೆಗಳು ಹೊರಗೆ ಕಾಲಿಡುವ ಮೊದಲೇ ನಾಲ್ವರೂ ಬೆನ್ನು ಹತ್ತುತ್ತಿದ್ದರು. ಒಬ್ಬ ಇಳಿದರೆ ಇನ್ನೊಬ್ಬ ಸಿದ್ಧ. ನಡುನಡುವೆ ತಮ್ಮತಮ್ಮಲ್ಲೇ ಹೊಡೆದಾಟ, ಆಮೇಲೆ ಗೆದ್ದವನೂ ಸೋತವನೂ ಸೇರಿ ಕೂಗು.

"ಇವತ್ತು ಇಜಾಝ್ ಬರ್ತಾನೆ. ಮೂರನ್ನು ಕೊಂಡುಹೋಗ್ಲಿಕ್ಕೆ ಹೇಳಿದ್ದೇನೆ," ಎಂದು ಅಮ್ಮಣಿ ಬೆಳಗಿನ ಚಾದ ಜೊತೆಗೇ ಗಂಡನಿಗೆ ತೀರ್ಪು ಕೊಟ್ಟಳು. ಇಜಾಝ್ ಮಾರ್ಕೆಟ್ಟಿನ ಕೋಳಿ ಅಂಗಡಿಯವನು. "ಆ ಬಿಳಿ ಬೊಳ್ಳೆ ಒಬ್ಬ ಇರ್ಲಿ. ಪಾಪ, ಸಾಧು."

"ಕೆಮ್ಮೈರ?"

"ಅವನೇ ಮೊದಲು ಹೋಗ್ಬೇಕಾದವನು."

ಚೆನ್ನಪ್ಪನ ಕೈಯ ಲೋಟ ಅಲ್ಲಿಯೇ ನಿಂತಿತು. ಕೆಮ್ಮೈರ ಅವನ ಜೀವ. ಎಲ್ಲಕ್ಕಿಂತ ಕೊನೆಗೆ ಒಡೆದ ಮೊಟ್ಟೆಯ ಮರಿ ಅದು. ಅಷ್ಟರಲ್ಲಿ ತಾಯಿ ಉಳಿದ ಮರಿಗಳನ್ನು ಕಟ್ಟಿಕೊಂಡು ಗೂಡು ಬಿಟ್ಟಾಗಿತ್ತು. ಚೆನ್ನಪ್ಪನೇ ಅದನ್ನು ತನ್ನ ಹಳೇ ಕಂಡಕ್ಟರ್ ಬ್ಯಾಗಿನೊಳಗೆ ಬೆಚ್ಚಗಿಟ್ಟು, ನುಚ್ಚು ತಿನ್ನಿಸಿ ಬದುಕಿಸಿದ್ದ. ಈಗ ಕೆಂಪು ಮೈ, ಎತ್ತಿದ ಜುಟ್ಟು, ಗೇಟಿನ ತನಕ ಹಿಂದೆಯೇ ಬರುವ ಪ್ರೀತಿ. ಮಕ್ಕಳು ಕೂಡ ಅಷ್ಟು ಹಿಂದೆ ಬಂದವರಲ್ಲ.

"ಅವನು ಎಂತ ಮಾಡಿದ? ಕಾಳು ಸಿಕ್ಕಿದ್ರೆ ತಾನು ತಿನ್ನದೆ ಹೇಂಟೆಗಳನ್ನು ಕರೀತಾನೆ. ಅಂಥ ಮರ್ಯಾದಸ್ಥ ಈ ಉರ್ವದಲ್ಲಿ ಯಾರಿದ್ದಾರೆ?"

"ಕರೆದು ಎಂತ ಮಾಡ್ತಾನೆ ಅಂತ ನೋಡಿದ್ದೀರಾ? ಅಲ್ಲಿ ಕಾಳೂ ಇಲ್ಲ, ಎಂತದೂ ಇಲ್ಲ. ನಂಬಿ ಬಂದವಳ ಬೆನ್ನಿಗೆ ಹಾರುದು. ಪುಟ್ಟಕ್ಕನ ಅಂಗಿ ಹರಿದದ್ದೂ ಅವನೇ."

ಚೆನ್ನಪ್ಪ ಒಪ್ಪುವ ಜಾತಿಯವನಲ್ಲ. ಪ್ರಾಯವನ್ನೆಲ್ಲ ಸಿಟಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕಳೆದವನು. ಒಳಗೆ ಉಸಿರಾಡಲು ಎಡೆಯಿಲ್ಲದಿದ್ದರೂ ಪ್ರತಿ ಸ್ಟಾಪಿನಲ್ಲಿ "ಹಿಂದೆ ಹೋಗಿ, ಹಿಂದೆ ಜಾಗ ಉಂಟು" ಎಂದು ಕೂಗಿ ಜನ ತುಂಬಿಸಿಕೊಂಡವನು. ಜಾಗ ಇಲ್ಲ ಎಂಬ ಮಾತನ್ನು ಅವನು ಆಡಿದ್ದೂ ಇಲ್ಲ, ಬೇರೆಯವರು ಆಡಿದರೆ ಕೇಳಿದ್ದೂ ಇಲ್ಲ. ನಿವೃತ್ತಿಯಾದ ಮೇಲೂ ವಿಸಿಲ್ ಕುತ್ತಿಗೆಯಲ್ಲೇ ಇತ್ತು.

ಕೆಮ್ಮೈರ ನಿರಪರಾಧಿ ಎಂದು ತೋರಿಸಲು ಅವನು ಹಿತ್ತಿಲಿಗೆ ಕುರ್ಚಿ ತಂದು ಹಾಕಿಕೊಂಡ. ಯಾವ ಹುಂಜ ಹೇಂಟೆಯ ಹತ್ತಿರ ಸುಳಿದರೂ ವಿಸಿಲ್ ಊದುವುದು. ಹುಂಜಗಳು ಮೊದಲ ವಿಸಿಲಿಗೆ ಬೆಚ್ಚಿದವು, ಎರಡನೆಯದಕ್ಕೆ ತಲೆಯೆತ್ತಿ ನೋಡಿದವು, ಆಮೇಲೆ ತಮ್ಮ ಕೆಲಸ ತಾವು ನೋಡಿಕೊಂಡವು. ಬೆಚ್ಚಿ ಎದ್ದದ್ದು ನೆರೆಕರೆಯವರು.

"ಚೆನ್ನಪ್ಪಣ್ಣ, ಕೂಗುವುದು ಸಾಲದು ಅಂತ ಈಗ ವಿಸಿಲ್ ಬೇರೆಯಾ?" ಬಲಗಡೆಯ ಗೋಡೆಯ ಮೇಲೆ ಟ್ಯೂಷನ್ ಹೇಳುವ ಜಾನೆಟ್ ಬಾಯಿಯ ಮುಖ ಕಾಣಿಸಿತು. "ಮಕ್ಕಳೆಲ್ಲ ಪುಸ್ತಕ ಬಿಟ್ಟು ಕಿಟಕಿಯಲ್ಲಿ ನಿಂತಿದ್ದಾರೆ. ಟೀಚರ್, ಆ ಕೆಂಪು ಕೋಳಿ ಒಂದು ರೆಕ್ಕೆ ಇಳಿಸಿಕೊಂಡು ಡ್ಯಾನ್ಸ್ ಮಾಡುದು ಯಾಕೆ ಅಂತ ಕೇಳಿದ್ರೆ ನಾನು ಎಂತ ಹೇಳ್ಬೇಕು?"

"ವಿಜ್ಞಾನ ಅಂತ ಹೇಳಿ."

"ನಾನು ಗಣಿತದ ಟೀಚರ್."

ಎಡಗಡೆಯ ಗೋಡೆಯಿಂದ ಯಜ್ಞನಾರಾಯಣ ಭಟ್ಟರು ಕೆಮ್ಮಿದರು. ದೇವಸ್ಥಾನದ ಅರ್ಚಕರು, ಮೊಟ್ಟೆಯನ್ನು ಮೂಸಿ ನೋಡಿದವರೂ ಅಲ್ಲ. ಆದರೆ ಫೋನಿನಲ್ಲಿ ಓದಿದ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವರಿಗೆ ಅಜೀರ್ಣ ಆಗುತ್ತಿತ್ತು.

"ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ ಆಯ್ತು ಚೆನ್ನಪ್ಪ. ನಿನ್ನಲ್ಲಿ ಏಳಕ್ಕೆ ನಾಲ್ಕು. ಇದು ಸಂಸಾರ ಅಲ್ಲ ಮಾರಾಯ, ಕುರುಕ್ಷೇತ್ರ."

"ಭಟ್ರೇ, ನೀವು ಮೊಟ್ಟೆ ತಿಂತೀರಾ?"

"ಶಿವ ಶಿವಾ."

"ಮತ್ತೆ ನಿಮಗೆ ಈ ಲೆಕ್ಕ ಎಂತಕ್ಕೆ?"

ಅಷ್ಟರಲ್ಲಿ ಇಜಾಝ್ ಸ್ಕೂಟರಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದೇಬಿಟ್ಟ. ನುರಿತ ಕೈ. ಎರಡು ಹುಂಜಗಳು ಕೂಗುವ ಮೊದಲೇ ಬುಟ್ಟಿಯೊಳಗಿದ್ದವು. ಕೆಮ್ಮೈರ ಮಾತ್ರ ಹಿತ್ತಿಲಿಡೀ ಸುತ್ತು ಹೊಡೆಸಿ, ಕೊನೆಗೆ ಹಾರಿ ಬಂದು ಚೆನ್ನಪ್ಪನ ತೊಡೆಯ ಮೇಲೆ ಕೂತ. ಅದರ ಎದೆ ಹೊಡೆದುಕೊಳ್ಳುವುದು ಚೆನ್ನಪ್ಪನ ಅಂಗೈಗೆ ತಿಳಿಯುತ್ತಿತ್ತು.

"ಕೊಡಿ," ಎಂದಳು ಅಮ್ಮಣಿ. ಇಜಾಝ್ ಕೈ ಚಾಚಿದ. ಎರಡೂ ಗೋಡೆಗಳ ಮೇಲೆ ಮುಖಗಳು ಕಾದಿದ್ದವು.

"ಮುಟ್ಟಬೇಡ," ಚೆನ್ನಪ್ಪ ಎದ್ದು ನಿಂತ. "ಇದು ಹರಕೆಯ ಕೋಳಿ."

ಇಜಾಝ್ ಬಿಸಿ ಬಾಣಲೆ ಮುಟ್ಟಿದವನ ಹಾಗೆ ಕೈ ಹಿಂದೆಗೆದ. "ಹರಕೆಯದ್ದಾ? ಮೊದಲೇ ಹೇಳುದಲ್ವಾ ಅಣ್ಣ. ನನಗೆ ಬೇಡ ಅದು."

"ಯಾವ ದೈವಕ್ಕೆ?" ಅಮ್ಮಣಿಯ ದನಿ ಇಳಿದಿತ್ತು.

"ನಮ್ಮದೇ, ಕೂಳೂರಿನ ದೈವಸ್ಥಾನಕ್ಕೆ. ನನ್ನ ಗಂಟುನೋವಿಗೆ ಹೇಳಿಕೊಂಡದ್ದು."

ಅಲ್ಲಿಗೆ ನಿಲ್ಲಿಸಿದ್ದರೆ ಅವನು ಚೆನ್ನಪ್ಪನೇ ಅಲ್ಲ. ಗೆದ್ದ ಹುರುಪಿನಲ್ಲಿ ಗೋಡೆಗಳ ಕಡೆಗೆ ತಿರುಗಿದ. "ಎಲ್ಲರೂ ಕೇಳಿಕೊಳ್ಳಿ. ಹರಕೆಯ ಕೋಳಿಯನ್ನು ಹೊಡಿಬಾರ್ದು, ಅಟ್ಟಬಾರ್ದು. ಎಲ್ಲಿ ಹೋಗಿ ಕೂತರೂ ದೈವದ ಇಷ್ಟ ಅಂತ ಸುಮ್ಮನಿರಬೇಕು. ದೈವದ ಕೋಳಿಗೆ ಈ ಹಿತ್ತಿಲಲ್ಲಿ ಜಾಗ ಇಲ್ಲ ಅಂತ ಹೇಳುವವರು ಯಾರು? ಜಾಗ ಉಂಟು. ಎಷ್ಟು ಬಂದರೂ ಉಂಟು."

ಇಂಥ ನಿಯಮವನ್ನು ಯಾರೂ ಕೇಳಿದವರಲ್ಲ, ಇಲ್ಲ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಜಾನೆಟ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಗೋಡೆಯಿಂದ ಇಳಿದರು. ಕೆಮ್ಮೈರನ ಬದಲು ಸಾಧು ಬೊಳ್ಳೆ ಬುಟ್ಟಿ ಸೇರಿದ.

ಸ್ಕೂಟರ್ ಹೋದ ಮೇಲೆ ಚೆನ್ನಪ್ಪನ ಮೈಯ ರೋಮ ಎದ್ದಿತು. ಆ ಊರಿನಲ್ಲಿ ಸರ್ಕಾರಕ್ಕೆ ಸುಳ್ಳು ಹೇಳುವವರಿದ್ದಾರೆ, ಹೆಂಡತಿಗೆ ಹೇಳುವವರಿದ್ದಾರೆ. ದೈವದ ಹೆಸರಿನಲ್ಲಿ ಹೇಳುವವರಿಲ್ಲ. ಅವನು ಬಾವಿಯ ಹಿಂದೆ ಹೋಗಿ ಕೂಳೂರಿನ ದಿಕ್ಕಿಗೆ ಕೈಮುಗಿದ. "ತಪ್ಪು ಕಾಣಿಕೆ ಇಡ್ತೇನೆ. ಈಗಿಂದ ಇದು ನಿನ್ನದೇ ಕೋಳಿ, ಸಾಕುವವನು ಮಾತ್ರ ನಾನು. ಸುಳ್ಳನ್ನು ನಿಜ ಮಾಡುವ ಜವಾಬ್ದಾರಿ ನನ್ನದು." ಹೀಗೆ ಒಪ್ಪಂದ ಮಾಡಿಕೊಂಡ ಮೇಲೆ ಸ್ವಲ್ಪ ಹಗುರಾಯಿತು.

ನಿಜಕ್ಕೂ ಹಿತ್ತಿಲಿಗೆ ಶಾಂತಿ ಬಂದಿತ್ತು. ಏಳು ಹೇಂಟೆ, ಒಂದು ಹುಂಜ. ಪೈಪೋಟಿ ಇಲ್ಲದ್ದರಿಂದ ಕೆಮ್ಮೈರನಿಗೂ ಅವಸರ ಇರಲಿಲ್ಲ. ಪುಟ್ಟಕ್ಕ ಕಟ್ಟಿಗೆ ಸಂದಿಯಿಂದ ಹೊರಬಂದು ಮಣ್ಣು ಕೆದಕಿದಳು. "ನೋಡಿದೆಯಾ?" ಎಂದು ಚೆನ್ನಪ್ಪ ಹೆಂಡತಿಯ ಕಡೆ ಕುರ್ಚಿ ತಿರುಗಿಸಿದ. ಅವಳು ಆಗಲೇ ಫೋನ್ ಮಾಡಿಯಾಗಿತ್ತು.

ಊಟದ ಹೊತ್ತಿಗೆ ಗೇಟಿನ ಎದುರು ಒಂದು ಟೆಂಪೋ ನಿಂತಿತು. ಇಳಿದವರು ನೋಣಯ್ಯ, ಕೂಳೂರಿನ ಸ್ಥಾನದ ಆಡಳಿತ ನೋಡಿಕೊಳ್ಳುವ ಕುಟುಂಬದ ಹಿರಿಯರು.

"ಹರಕೆ ಹೇಳಿಕೊಂಡದ್ದನ್ನು ನನಗೆ ಯಾಕೆ ತಿಳಿಸಲಿಲ್ಲ?"

"ಅದು ನೋಣಯ್ಯಣ್ಣ, ಮನಸ್ಸಿನಲ್ಲೇ..."

"ಇರ್ಲಿ. ಮನಸ್ಸಿನಲ್ಲಿ ಹೇಳಿದ್ದೇ ದೊಡ್ಡದು." ನೋಣಯ್ಯ ಅವನ ಬೆನ್ನು ತಟ್ಟಿದರು. ಚೆನ್ನಪ್ಪ ಬದುಕಿದೆ ಅಂದುಕೊಂಡ. "ಅಮ್ಮಣಿ ಎಲ್ಲ ಹೇಳಿದಳು. ನಿನ್ನಂಥ ಭಕ್ತಿ ಈಗ ಯಾರಲ್ಲಿ ಉಂಟು? ಸ್ಥಾನದ ಜೀರ್ಣೋದ್ಧಾರ ನಡೀತಾ ಉಂಟಲ್ಲ, ಅದು ಮುಗಿಯದೆ ದೈವಕ್ಕೆ ನೇಮ ಇಲ್ಲ, ಹರಕೆ ಒಪ್ಪಿಸುದೂ ಇಲ್ಲ. ಬಂದ ಹರಕೆ ಕೋಳಿಗಳೆಲ್ಲ ನನ್ನ ಅಂಗಳದಲ್ಲೇ ಹೊಡೆದಾಡ್ತಾ ಇದ್ದವು. ಎಲ್ಲಿಡುದು ಅಂತ ತಲೆ ಕೆಟ್ಟುಹೋಗಿತ್ತು. ಎಷ್ಟು ಬಂದರೂ ಜಾಗ ಉಂಟು ಅಂತ ಹೇಳಿದೆಯಂತೆ."

"ಹೇಳಿದ್ದು ಹೌದು," ಎಡಗೋಡೆಯಿಂದ ಭಟ್ಟರು ಸಾಕ್ಷಿ ನುಡಿದರು. "ನಾನೂ ಕೇಳಿದ್ದೇನೆ."

ಟೆಂಪೋದಿಂದ ಬುಟ್ಟಿಗಳು ಇಳಿದವು. ಎಂಟು ಹುಂಜಗಳು, ಒಂದೊಂದೂ ಕಾಲಿಗೆ ಮುಳ್ಳು ಬಂದ ಬಲಿತ ಆಸಾಮಿಗಳು. ಬೇಡ ಎಂದರೆ ಬೆಳಗಿನ ಸುಳ್ಳು ಬಯಲಾಗುತ್ತದೆ. ಚೆನ್ನಪ್ಪ ಕೇಳಿದ, "ನೇಮ ಯಾವಾಗ ಆದೀತು?"

"ಮೊದಲು ಸ್ಥಾನಕ್ಕೆ ಹಂಚಿನ ಮಾಡು ಆಗ್ಬೇಕು. ಅದಕ್ಕೆ ಮೊದಲು ಗೋಡೆ ಆಗ್ಬೇಕು," ಎಂದು ನೋಣಯ್ಯ ನೆಮ್ಮದಿಯಿಂದ ಟೆಂಪೋ ಹತ್ತಿದರು.

ಹೊಸಬರು ರೆಕ್ಕೆ ಕೊಡವಿ ಸುತ್ತ ನೋಡಿದರು. ಪುಟ್ಟಕ್ಕನೂ ಅವರನ್ನು ಒಮ್ಮೆ ನೋಡಿದಳು. ನೋಡಿದ್ದೇ ತಡ, ಅಂಗಿ ಸಮೇತ ಕಟ್ಟಿಗೆ ರಾಶಿಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಜಾನೆಟ್ ಬಾಯಿಯ ಹಿತ್ತಿಲಿಗೆ ಹಾರಿದಳು. ಅವಳ ಹಿಂದೆ ಉಳಿದ ಆರೂ ಹಾರಿದವು. ಕೆಮ್ಮೈರ ಕತ್ತಿನ ಗರಿ ಅಗಲಿಸಿ ಎದುರು ನಿಂತ. ಒಂದೇ ಒಂದು ಒದೆ ತಿಂದ. ಮರುಕ್ಷಣ ಅವನೂ ಗೋಡೆಯ ಆಚೆಗಿದ್ದ.

"ಜಾನೆಟ್ ಬಾಯಿ, ಸ್ವಲ್ಪ ಅಟ್ಟಿ ಆ ಕಡೆಯಿಂದ," ಚೆನ್ನಪ್ಪ ಕೂಗಿದ.

"ಅದು ಹರಕೆಯದ್ದಲ್ವಾ ಚೆನ್ನಪ್ಪಣ್ಣ? ಕೂತಲ್ಲಿಂದ ಅಟ್ಟಬಾರ್ದು ಅಂತ ನೀವೇ ಹೇಳಿದ್ದು. ನನಗೆ ಹೆದರಿಕೆ ಆಗ್ತದೆ."

"ಹೇಂಟೆಗಳನ್ನಾದ್ರೂ?"

"ಅವುಗಳನ್ನು ಅಟ್ಟಿದ್ರೆ ಅವನೂ ಏಳ್ತಾನಲ್ಲ."

ಸ್ವಲ್ಪ ಹೊತ್ತಿನಲ್ಲಿ ಆಚೆಯಿಂದ ಪುಟ್ಟಕ್ಕನ ಕೊಕ್ಕೊಕ್ಕೋ ಕೇಳಿತು. ಎಷ್ಟೋ ವಾರಗಳ ಮೇಲೆ ಕೇಳಿದ ದನಿ. ಜಾನೆಟ್ ಬಾಯಿ ಗೋಡೆಯ ಮೇಲೆ ಕೈಯೆತ್ತಿ ಮೊಟ್ಟೆ ತೋರಿಸಿದರು. "ಸಣ್ಣದು, ಆದ್ರೆ ಇನ್ನೂ ಬಿಸಿ ಉಂಟು," ಎಂದು ಒಳಗೆ ಹೋದರು. ಅಮ್ಮಣಿ ಗಂಡನನ್ನು ನೋಡಿದ ನೋಟದಲ್ಲಿ ಒಂದು ತಿಂಗಳಿಗೆ ಬೇಕಾದ ಮಾತು ಇತ್ತು.

"ಸೊನ್ನೆ ಹೇಂಟೆಗೆ ಎಂಟು ಹುಂಜ," ಭಟ್ಟರು ಫೋನ್ ಉಜ್ಜುತ್ತ ಹೇಳಿದರು. "ಈ ಲೆಕ್ಕ ಇದರಲ್ಲಿ ಇಲ್ಲ ಚೆನ್ನಪ್ಪ. ಜಾಗ ಸಾಕಾದೀತಾ?"

ಆಗಲೇ ಎರಡು ಜೋಡಿ ಹೊಡೆದಾಟಕ್ಕೆ ಇಳಿದಿದ್ದವು, ಒಂದು ಕುರ್ಚಿಯ ಮೇಲೇ ಹತ್ತಿ ಕೂತಿತ್ತು. ಅದನ್ನು ಎಬ್ಬಿಸುವ ಹಾಗಿರಲಿಲ್ಲ. ಚೆನ್ನಪ್ಪ ಅದರ ಪಕ್ಕದಲ್ಲೇ ಎದೆಯುಬ್ಬಿಸಿ ನಿಂತ, ವಿಸಿಲ್ ಊದಿದ, ಭಟ್ಟರಿಗೂ ಜಾನೆಟ್ ಬಾಯಿಗೂ ಕೇಳುವ ಹಾಗೆ ಕೂಗಿದ.

"ಹಿಂದೆ ಹೋಗಿ, ಹಿಂದೆ ಜಾಗ ಉಂಟು."