ಅಳಿಯ ಆರೋಗ್ಯವಾಗಿದ್ದ ನಾತಾಳ ಸೂಟಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನಿಗೆ ಅತ್ತೆಯ ಮನೆ ಇರಲಿಲ್ಲವೆಂದೇ ನನ್ನ ನಂಬಿಕೆ. ಇದ್ದಿದ್ದರೆ ಗಾದೆಯ ಮೊದಲರ್ಧವನ್ನು ಆತ ನುಂಗಿಕೊಂಡು ಸುಮ್ಮನಾಗುತ್ತಿದ್ದ. ನಾನು ಗೋಕಾಕದ ಶಾಲೆಯೊಂದರಲ್ಲಿ ಮಾಸ್ತರ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಕೆಲಸವೂ ನನ್ನ ಕೊರಳಿಗೇ ಬಿದ್ದಿದೆ. ತಣ್ಣೀರ ಸ್ನಾನ, ಹಿತಮಿತವಾದ ಊಟ, ನಸುಕಿನ ತಿರುಗಾಟ, ಸದಾ ನಗುಮುಖ, ಇಷ್ಟಿದ್ದರೆ ಚಳಿಗಾಲ ನಮ್ಮ ಒಂದು ಕೂದಲನ್ನೂ ಕೊಂಕಿಸಲಾರದು ಎಂದು ನಾನು ಹಲಗೆಯ ಮುಂದೆ ನಿಂತು ಸಾರುವಾಗ ನನ್ನ ಮೂಗಿನಿಂದ ನೀರು ಸುರಿಯುತ್ತಿರುತ್ತದೆ. ಮಕ್ಕಳು ಮರ್ಯಾದಸ್ಥರು, ನಗುವುದಿಲ್ಲ.

ಸಾಹೇಬರ ಕ್ರಿಸ್‌ಮಸ್ ಹಬ್ಬಕ್ಕೆಂದು ಸರಕಾರ ಕೊಡುವ ನಾತಾಳ ಸೂಟಿಯಲ್ಲಿ ನಾವು ವರ್ಷವೂ ನನ್ನ ಹೆಂಡತಿ ನೀಲವ್ವನ ತವರಾದ ಘೋಡಗೇರಿಗೆ ಹೋಗುತ್ತೇವೆ. ಎಳ್ಳ ಅಮಾವಾಸ್ಯೆ ಆ ಹೊತ್ತಿಗೇ ಬರುತ್ತದೆ. ಸಜ್ಜೆ ರೊಟ್ಟಿ, ಅಂಗೈಯಗಲ ಬೆಣ್ಣೆ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ. ನಾನು ಬಡ ಮಾಸ್ತರ, ಎದುರಿಗೆ ಬಂದದ್ದನ್ನು ಬೇಡವೆನ್ನುವ ಅಭ್ಯಾಸವಿಲ್ಲ. ಹೋದ ಎರಡು ದಿನಕ್ಕೇ ಹೊಟ್ಟೆ ಕೆಡುತ್ತದೆ, ಅದರ ಬೆನ್ನಿಗೇ ನೆಗಡಿ. ನಮ್ಮೂರಿನ ಡಾಕ್ಟರರ ಬಾಟಲಿಯ ಔಷಧ ಕುಡಿಯದೆ ನಾನು ಉಳಿಯುವುದಿಲ್ಲವೆಂದು ಹೆದರಿ ಚಕ್ಕಡಿ ಕಟ್ಟಿಸಿ ಗೋಕಾಕಕ್ಕೆ ಓಡುತ್ತೇನೆ. ನೀಲವ್ವ ಚಕ್ಕಡಿಯ ಹಿಂಬದಿಗೆ, ತವರಿನ ಕಡೆ ಮುಖ ಮಾಡಿ ಕೂತು ಬರುತ್ತಾಳೆ. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

ಆ ವರ್ಷ ಹೊರಡುವ ಮೊದಲು ಅವಳು ಗಂಟು ಕಟ್ಟುತ್ತ ಹೇಳಿದಳು: "ನೋಡ್ರಿ, ನಮ್ಮವ್ವನ ಬಾಜೂಕ ನಾಕ ದಿನ ಸುಮ್ನ ಕುಂಡ್ರಬೇಕಂತ ಆಶಾ ಐತಿ. ವರ್ಷಕ್ಕ ಒಮ್ಮೆ ಹೋಗಾಕಿ ನಾನು. ಈ ಸಲಾನರ ಆರಾಮ ಇರ್ರಿ." ಮಕ್ಕಳಿಗೆ ಹೇಳುವುದನ್ನು ಈ ಸಲ ನಾನೇ ಮಾಡಿ ತೋರಿಸುತ್ತೇನೆ, ಸೂಟಿ ಪೂರ್ತಿ ಮುಗಿಯುವವರೆಗೆ ನಿನ್ನನ್ನು ಅಲ್ಲಿಂದ ಕದಲಿಸುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟವನು ಉಳಿಸಿಕೊಳ್ಳಬೇಕಲ್ಲ! ಘೋಡಗೇರಿಯಲ್ಲಿ ನಸುಕಿನಲ್ಲೆದ್ದು, ನನಗಾಗಿ ಕಾಯಿಸಿದ ಹಂಡೆ ನೀರನ್ನು ಬಿಟ್ಟು ಬಾವಿಯ ತಣ್ಣೀರು ಸುರಿದುಕೊಂಡೆ. ಹಲ್ಲು ಕಟಕಟ ಎನ್ನುತ್ತಿದ್ದರೂ ನಗುಮುಖ ಬಿಡಲಿಲ್ಲ. ಊಟಕ್ಕೆ ಒಂದೇ ರೊಟ್ಟಿ, ಒಂದು ಚೂರು ಪಲ್ಯ. ಬೆಣ್ಣೆ ಬಂದರೆ ತಾಟಿಗೆ ಕೈ ಅಡ್ಡ, ಹೋಳಿಗೆ ಬಂದರೆ ಎರಡೂ ಕೈ ಅಡ್ಡ. "ಸಾಕ್ರಿ ಅತ್ತಿ, ಸಾಕ್ರಿ" ಎಂದು ನಗುನಗುತ್ತಲೇ ಎದ್ದುಬಿಡುತ್ತಿದ್ದೆ. ಹೊಟ್ಟೆ ಹಗುರ, ಮೂಗು ಸ್ವಚ್ಛ. ನನ್ನ ಬಗ್ಗೆ ನನಗೇ ಹೆಮ್ಮೆ ಬಂತು.

ಆದರೆ ಒಂದು ಸಂಗತಿಯನ್ನು ನಾನು ಸ್ವಚ್ಛ ಮರೆತಿದ್ದೆ. ನಮ್ಮ ಕಡೆ ಅಳಿಯನಿಗೆ ಸಿಟ್ಟು ಬಂದರೆ ಬಾಯಿ ಬಿಟ್ಟು ಹೇಳುವುದಿಲ್ಲ, ಊಟ ಕಡಿಮೆ ಮಾಡುತ್ತಾನೆ. ದೀಪಾವಳಿಗೆ ಬಂದ ಹೊಸ ಅಳಿಯ ತಾಟಿನ ಮುಂದೆ ಕೈಕಟ್ಟಿ ಕೂತನೆಂದರೆ ಉಂಗುರವೋ ರುಮಾಲೋ ಬರುವವರೆಗೆ ತುತ್ತು ಮುಟ್ಟುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಮಾಸ್ತರ ಮುನಿಸಿಕೊಂಡಿದ್ದಾನೆಂದು ಮನೆಯೆಲ್ಲ ಗುಸುಗುಸು ಸುರುವಾಯಿತು. ನೀಲವ್ವ "ಸಿಟ್ಟಿಲ್ಲ ಯವ್ವಾ, ಅವ್ರು ಆರೋಗ್ಯ ಮಾಡಾಕತ್ತಾರ" ಎಂದು ಹೇಳಿ ಹೇಳಿ ಸೋತಳು. "ಪಾಪ, ಗಂಡನ ಮಾನಾ ಮುಚ್ಚಾಕತ್ತಾಳ" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಹೆಂಡತಿಯ ಅಜ್ಜಿ, ಎಲ್ಲರೂ ಆಯಿ ಎನ್ನುವವಳು, ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಳು: "ನಾ ಎಷ್ಟ ಅಳಿಯಾರ್ನ ನೋಡಿಲ್ಲ! ಕೊಣ್ಣೂರ ಅಳಿಯಾ ಬೈದಾಡಿ ಸಿಟ್ಟ ಮಾಡಾಂವ, ಅಂವಂದ ಬಾಳ ಸರಳ. ಇಂವ ನಕ್ಕೋತ ಸಿಟ್ಟ ಮಾಡ್ಯಾನ. ಇದು ಲಗೂನ ಇಳಿಯೂದಲ್ಲ." ನಾನು ಕಷ್ಟಪಟ್ಟು ಇನ್ನಷ್ಟು ನಕ್ಕೆ. "ನೋಡ್, ಏರಾಕತ್ತೇತಿ" ಎಂದಳು ಆಯಿ.

ಮರುದಿನ ಮುಂಜಾನೆ ಮಾವನವರು ಹಟ್ಟಿಯಿಂದ ಎಮ್ಮೆಯನ್ನು ಹೊಡೆದುಕೊಂಡು ಬಂದು ಬಾಗಿಲಿಗೆ ಕಟ್ಟಿದರು. ಮೈ ತೊಳೆದು, ಹಣೆಗೆ ಕುಂಕುಮ ಹಚ್ಚಿದ್ದರು. ಮನೆಯ ಹಾಲು, ಬೆಣ್ಣೆ, ಹೈನವೆಲ್ಲ ಅದರದೇ.

"ಮಾಸ್ತರ್ರ, ನಮ್ಮ ಕೈಯಾಗ ಏನ ತಪ್ಪ ಆಗೇತೋ ನಮಗ ಗೊತ್ತಿಲ್ಲ. ಮಗಳ ಮಾರಿ ನೋಡಿ ಸೈರಿಸ್ಕೋರಿ. ಇದನ್ನ ಹೊಡ್ಕೊಂಡ ಹೋಗ್ರಿ."

ನಾನು ಗೋಕಾಕದಲ್ಲಿ ಇರುವುದು ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಎಮ್ಮೆ ನಿಂತರೆ ಇನ್ನೊಂದರಲ್ಲಿ ನಾವು ನಿಲ್ಲಬೇಕು. "ಅಯ್ಯ, ನನಗ ಏನೂ ಬ್ಯಾಡ್ರಿ ಮಾವಾರ! ಖರೇನ ಸಿಟ್ಟಿಲ್ರಿ!" ಎಂದು ಕೈಮುಗಿದೆ.

"ಎಮ್ಮೀನೂ ಒಲ್ಲೆ ಅಂತಾನಲ್ಲೋ ಶಿವನ!" ಎಂದು ಆಯಿ ಹಣೆ ಬಡಿದುಕೊಂಡಳು.

ನೀಲವ್ವ ನನ್ನನ್ನು ಕೋಣೆಗೆ ಕರೆದು, ಕಣ್ಣೀರು ಸುರಿಸುತ್ತ ಹೇಳಿದಳು: "ನಡೀರಿ, ನಾಳೆ ಗೋಕಾಕಕ್ಕ ಹೋಗೂಣು. ನಮ್ಮಪ್ಪಂದು ಆ ಮಾರಿ ನನಗ ನೋಡಾಕ ಆಗೂದಿಲ್ಲ. ನಮ್ಮವ್ವ ಬಂದಾಗಿಂದ ನನ್ ಕೂಡ ಒಂದ ಮಾತ ಆಡಿಲ್ಲ, ಬರೀ ನಿಮ್ಮ ತಾಟಿನ ಚಿಂತಿ." ಯಾವುದನ್ನು ಉಳಿಸಲು ಇಷ್ಟೆಲ್ಲ ಚಳಿ ಸಹಿಸಿದ್ದೆನೋ ಅದನ್ನೇ ಕೈಯಾರೆ ಹಾಳು ಮಾಡಿದ್ದೆ. "ಒಂದ ದಿನಾ ತಡಿ, ನಾಳೆ ಅಮಾಸಿ ಐತಿ" ಎಂದೆ.

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಜೋಳದ ಹೊಲಕ್ಕೆ ಹೋದೆವು. ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಭೂಮಿತಾಯಿಗೆ ಉಣ್ಣಿಸಲು ಬೆಳೆಯ ನಡುವೆ ಚರಗ ಚೆಲ್ಲಿ, ಊಟಕ್ಕೆ ಕೂತೆವು. ಮಾವ, ಅತ್ತೆ, ಆಯಿ ಎಲ್ಲರ ಕಣ್ಣೂ ನನ್ನ ತಾಟಿನ ಮೇಲೆ. ನಾನು ಅಂಗಿಯ ತೋಳು ಏರಿಸಿದೆ. ಮೊದಲ ಹೋಳಿಗೆ ಹೋಯಿತು. "ಇನ್ನೊಂದ್ ಹಾಕ್ರಿ ಅತ್ತಿ" ಎಂದೆ. ಅತ್ತೆ ಎರಡು ಹಾಕಿದರು. ಎಣ್ಣೆಗಾಯಿ, ಬೆಣ್ಣೆ, ಕಡಬು, ಮತ್ತೆ ಹೋಳಿಗೆ. "ತುಪ್ಪ ಎಲ್ಲೈತ್ರಿ?" ಎಂದು ಗದರಿಸಿಯೇ ಕೇಳಿದೆ. ಮಾವನವರು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಇಳೀತು, ಇಳೀತು!" ಎಂದು ಆಯಿ ಹೊಲದ ತುಂಬ ಕೇಳುವಂತೆ ಕೂಗಿದಳು. ನೀಲವ್ವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಆ ನೋಟದಲ್ಲಿದ್ದ ಪ್ರೀತಿಗೆ ನಾನು ಇನ್ನೂ ಒಂದು ಕಡಬು ತಿಂದೆ.

ಆಮೇಲೆ ಆಗಬೇಕಾದದ್ದು ಆಯಿತು. ಮರುದಿನ ನಾನು ಹೊಟ್ಟೆ ಹಿಡಿದುಕೊಂಡು ಕಂಬಳಿಯೊಳಗೆ ಮುದ್ದೆಯಾದೆ. ಚಕ್ಕಡಿಯ ಮಾತೆತ್ತಿದರೆ ಅತ್ತೆ ಕೇಳಲಿಲ್ಲ: "ಇಂಥಾ ಹೊಟ್ಟೀ ಕಟಗೊಂಡು ಗಾಡ್ಯಾಗ ಕುಂಡ್ರಬ್ಯಾಡ್ರಿ. ಆರಾಮ ಆಗೂಮಟ ಇಲ್ಲೇ ಬೀಳ್ರಿ." ಬಿದ್ದೆ. ಅಡಿಗೆಮನೆಯಲ್ಲಿ ತಾಯಿ ಮಗಳು ನನಗೆ ಓಮದ ಕಷಾಯ ಕುದಿಸುತ್ತ ಮಾತಿಗೆ ಕೂತರು. ಯಾರ ಮದುವೆ, ಯಾರ ಬಾಣಂತನ, ಯಾರ ಜಗಳ, ಒಂದೂ ಬಿಡಲಿಲ್ಲ. ನೀಲವ್ವ ಬಿದ್ದು ಬಿದ್ದು ನಗುತ್ತಿದ್ದಳು. ಅವಳಿಗೆ ಇಷ್ಟು ದೊಡ್ಡ ನಗು ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಸೂಟಿ ಮುಗಿಯುವ ಹಿಂದಿನ ಸಂಜೆ ಅವಳು ಒಳಗೆ ಬಂದು ನನ್ನ ಹಣೆ ಮುಟ್ಟಿದಳು. "ಇನ್ನೂ ಬೆಚ್ಚಗ ಐತಿ ಅಲ್ರೀ? ಸಂಕ್ರಮಣ ಮುಗಿಸ್ಕೊಂಡ ಹೋಗ್ರಿ ಅಂತಾಳ ನಮ್ಮವ್ವ. ನಿಮಗ ಹ್ಯಾಂಗ ಅನಸ್ತೈತಿ?"

ಹಣೆ ತಣ್ಣಗೆ ಕಲ್ಲಿನಂತಿತ್ತು. ಹೊಟ್ಟೆ ಮುಂಜಾನೆಯೇ ನೆಟ್ಟಗಾಗಿ, ಹಸಿವೆಯಿಂದ ಕೂಗುತ್ತಿತ್ತು. ಅಡಿಗೆಮನೆಯಿಂದ ಹೋಳಿಗೆ ಬೇಯುವ ಘಮಘಮ ಬೇರೆ. ಅವಳ ಮುಖವನ್ನೊಮ್ಮೆ ನೋಡಿದೆ. ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು, ಕೈಲಾದಷ್ಟು ಜೋರಾಗಿ ನರಳಿದೆ.

"ಯವ್ವಾ, ಅವ್ರಿಗೆ ಇನ್ನೂ ಆರಾಮಿಲ್ಲ!" ಎಂದು ಅವಳು ಕುಣಿಯುತ್ತ ಅಡಿಗೆಮನೆಗೆ ಓಡಿದಳು. ಅಷ್ಟು ಸಂತೋಷದಿಂದ ಗಂಡನ ಬೇನೆಯನ್ನು ಯಾವ ಹೆಂಡತಿಯೂ ಸಾರಿರಲಾರಳು. ಅಂದು ಎಲ್ಲರೂ ಹೋಳಿಗೆ ಉಂಡರು. ನನಗೆ ಗಂಜಿ ಬಂತು.