ಆರನೇ ಬಟ್ಟಲು

ತುಮಕೂರಿನ ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿ, ಸಂಕ್ರಾಂತಿಗೆ ಇನ್ನು ಎರಡು ವಾರ ಇದೆ ಎನ್ನುವಾಗ, ವಿಮಾ ಕಂಪನಿಯ ನೌಕರ ಶಮಂತ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಘೋಷಿಸಿದ.

"ಈ ಸಲ ಸಂಕ್ರಾಂತಿ ಬರೀ ಹಬ್ಬ ಅಲ್ಲ. ಮಿಂಚುವಿನ ಸರ್ವಾಂಗೀಣ ಬೆಳವಣಿಗೆಯ ಪಾಠಶಾಲೆ!"

"ಉಪ್ಪಿಟ್ಟು ತಣ್ಣಗಾಗತ್ತೆ," ಎಂದಳು ಹೆಂಡತಿ ಶ್ರೀವಾಣಿ.

ಘೋಷಣೆಗೆ ಕಾರಣವಿತ್ತು. ದೀಪಾವಳಿಗೆ ಗುಬ್ಬಿಗೆ ಹೋದಾಗ, ನಾಲ್ಕು ವರ್ಷದ ಮಗಳು ಮಿಂಚು ಫ್ರಾಕಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದುದನ್ನು ಶ್ರೀವಾಣಿಯ ದೊಡ್ಡಮ್ಮ ಕೌಸಲ್ಯಮ್ಮ ಕಂಡುಬಿಟ್ಟಿದ್ದರು. "ಕುಣಿಗಲ್ಲಿನ ನನ್ನ ಮೊಮ್ಮಗ ಈ ವಯಸ್ಸಿಗೆ ಶೂ ಲೇಸ್ ಕಟ್ಕೋತಿದ್ದ. ಇವಳ ಬೆರಳು ಯಾಕೋ ಚುರುಕಿಲ್ಲ ಕಣೇ," ಎಂದು ತಮ್ಮ ಮನೆಯ ಹಜಾರದಲ್ಲಿ ಹತ್ತು ಜನರ ಮುಂದೆ ತೀರ್ಪು ಕೊಟ್ಟಿದ್ದರು. ಶ್ರೀವಾಣಿ ಗುಬ್ಬಿಯಿಂದ ತುಮಕೂರು ಮುಟ್ಟುವವರೆಗೂ ಕಾರಿನ ಕಿಟಕಿಯಾಚೆಗೇ ನೋಡುತ್ತ ಬಂದಿದ್ದಳು. ಆ ತೀರ್ಪನ್ನು ಅದೇ ಹಜಾರದಲ್ಲಿ, ಅದೇ ಬಾಯಿಂದ ವಾಪಸ್ ತೆಗೆಸಬೇಕು ಎನ್ನುವುದು ಶಮಂತನ ಶಪಥ.

ಆಯುಧಗಳು ಅಡುಗೆಮನೆಯಲ್ಲೇ ಸಿಕ್ಕವು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಕಲಸಿ ಒಂದು ತಟ್ಟೆ. ಎದುರಿಗೆ ಐದು ಬಟ್ಟಲು. ಯಾವುದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಆರಿಸಿ ಹಾಕಬೇಕು. ಎಳ್ಳು ಬೆರಳಿಗೆ ಸಿಗದಿದ್ದರೆ ಟೀ ಸೋಸುವ ಜರಡಿ. ಕೊನೆಗೆ ಆರನೇ ಬಟ್ಟಲು.

"ಇದರಲ್ಲಿ ಸಿಪ್ಪೆ, ಕಲ್ಲು. ಯಾವುದಕ್ಕೂ ಸೇರದ್ದು, ಕೆಲಸಕ್ಕೆ ಬಾರದ್ದು. ಹೇಳು ಮಿಂಚು?"

"ಯಾವುದಕ್ಕೂ ಸೇರದ್ದು, ಕೆಲಸಕ್ಕೆ ಬಾರದ್ದು," ಎಂದಿತು ಮಗು, ಮಗ್ಗಿ ಒಪ್ಪಿಸುವಂತೆ.

ಒಂದು ಫೈಲೂ ತಯಾರಾಯಿತು. ಮೇಲೆ ಕೆಂಪು ಶಾಯಿಯಲ್ಲಿ 'ಮಿಂಚು: ಪ್ರಗತಿ ವರದಿ'. ಅದರ ಕೆಳಗೆ, ಇನ್ನೂ ದಪ್ಪ ಅಕ್ಷರದಲ್ಲಿ, 'ಮಾರ್ಗದರ್ಶಕರು: ಶಮಂತ್'. ಪಕ್ಕದಲ್ಲಿ ತನ್ನದೇ ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸಲು ಒಂದು ಚೌಕ. ಗೋಂದು ಮುಗಿದಿದ್ದರಿಂದ ಫೋಟೋ ಮಾತ್ರ ಫೈಲಿನ ಮೇಲೆ ಹಾಗೇ ಕೂತಿತ್ತು.

"ರೀ, ಎಳ್ಳು ಬೆರೆಸೋದು ಹಬ್ಬ. ನೀವು ಬಿಡಿಸೋದು ಕಲಿಸ್ತಿದೀರಲ್ಲ," ಎಂದಳು ಶ್ರೀವಾಣಿ.

"ವಿಂಗಡಣೆ ಅನ್ನೋದು ಬುದ್ಧಿಯ ತಳಪಾಯ. ನಿನಗೆ ಅದೆಲ್ಲ ಗೊತ್ತಾಗಲ್ಲ ಬಿಡು."

ಗೊತ್ತಾಗದ ಹೆಂಡತಿ ವಾರವಿಡೀ ಬೆಲ್ಲ, ಕೊಬ್ಬರಿ ಹೆಚ್ಚಿ ಬೆರಳಿಗೆ ಬೊಬ್ಬೆ ಬರಿಸಿಕೊಂಡಳು. ಹಬ್ಬದ ಬೆಳಗ್ಗೆ ಎಲ್ಲವನ್ನೂ ಹದವಾಗಿ ಬೆರೆಸಿ ಹತ್ತು ಬಟ್ಟೆ ಚೀಲಗಳಿಗೆ ತುಂಬಿದಳು. ದಾರ ಎಳೆದರೆ ಬಾಯಿ ಮುಚ್ಚುವ ಆ ಪುಟ್ಟ ಚೀಲಗಳೂ ಶಮಂತನ ಆಯ್ಕೆಯೇ. ದಾರ ಎಳೆಯುವುದು ಬೆರಳಿಗೆ ವ್ಯಾಯಾಮವಂತೆ.

"ದೇವಸ್ಥಾನಕ್ಕೆ ಹೋಗಿ ಬರ್ತೀನಿ. ಮಗು ಮೇಲೆ ಒಂದು ಕಣ್ಣಿಟ್ಟಿರಿ."

ಶಮಂತ ಒಂದು ಕಣ್ಣನ್ನು ಮಗುವಿನ ಮೇಲಿಟ್ಟ, ಇನ್ನೊಂದನ್ನು ಫೋನಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಮೊದಲನೇ ಕಣ್ಣೂ ಎರಡನೆಯದರ ಜೊತೆ ಸೇರಿಕೊಂಡಿತು. ನೆಂಟರ ವಾಟ್ಸಾಪ್ ಗುಂಪಿಗೆ ಅವನು 'ಹಬ್ಬದಿಂದ ಮಗುವಿನ ವಿಕಾಸ: ಹನ್ನೊಂದು ಸೂತ್ರಗಳು' ಬರೆಯುತ್ತಿದ್ದ. ಅಡುಗೆಮನೆಯಿಂದ ಒಂದು ಸದ್ದಿಲ್ಲ, ಒಂದು ಹಟವಿಲ್ಲ. ಅಲ್ಲಿಗೆ ಎದ್ದು ಹೋಗಿ ನೋಡುವ ಬದಲು ಅವನು ಸಡಗರದಿಂದ ಫೈಲಿನ ಒಳಪುಟದಲ್ಲಿ ಬರೆದ: 'ಏಕಾಗ್ರತೆ: ತೊಂಬತ್ತು ನಿಮಿಷ. ಅದ್ಭುತ.' ಮೇಲಿದ್ದ ಫೋಟೋ ಕಾಣೆಯಾಗಿದ್ದು ಅವನಿಗೆ ಕಾಣಲಿಲ್ಲ.

ಶ್ರೀವಾಣಿ ಬಂದಾಗ ಚೀಲಗಳು ದಾರ ಬಿಗಿದುಕೊಂಡು ಬುಟ್ಟಿಯಲ್ಲಿ ಶಿಸ್ತಾಗಿ ಕೂತಿದ್ದವು. ಹಾಗೇ ಎತ್ತಿಕೊಂಡು ಗುಬ್ಬಿಗೆ ಹೊರಟರು.

ಗುಬ್ಬಿಯ ಹಜಾರದಲ್ಲಿ ನೆಂಟರೆಲ್ಲ ಸೇರಿದ್ದರು. ಜರಿಲಂಗ ತೊಟ್ಟ ಮಿಂಚು ಒಬ್ಬೊಬ್ಬರಿಗೂ ಚೀಲ ಕೊಟ್ಟು ನಮಸ್ಕಾರ ಮಾಡಿದಳು. ಕೌಸಲ್ಯಮ್ಮ ದಾರ ಸಡಿಲಿಸಿ ಅಂಗೈಗೆ ಸುರಿದುಕೊಂಡರು. ಸುರಿದುಕೊಂಡವರು ಹಾಗೇ ನಿಂತರು.

"ಶ್ರೀವಾಣಿ, ಏನೇ ಇದು? ಬರೀ ಎಳ್ಳು!"

ಕೌಸಲ್ಯಮ್ಮ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಚಾಚಿದರು.

"ಶನಿ ಕಾಟ ಕಳ್ಕೊಳ್ಳೋಕೆ ಎಳ್ಳು ದಾನ ಕೊಡ್ತಾರೆ. ನಿಮ್ಮನೆ ಶನಿನ ನನಗೆ ದಾಟಿಸೋಕೆ ಹಬ್ಬದ ದಿನವೇ ಬೇಕಿತ್ತೇನೇ?"

ಎಲ್ಲರೂ ಗಡಿಬಿಡಿಯಿಂದ ತಮ್ಮ ತಮ್ಮ ಚೀಲ ಬಿಚ್ಚಿದರು. ಕುಣಿಗಲ್ಲಿನಿಂದ ಬಂದ ಕೌಸಲ್ಯಮ್ಮನವರ ಮಗಳಿಗೆ ಬರೀ ಹುರಿಗಡಲೆ. "ಇರಲಿ ಬಿಡೇ, ಚಟ್ನಿಗಾಗತ್ತೆ," ಎಂದು ಅವಳು ಶ್ರೀವಾಣಿಯನ್ನು ಸಮಾಧಾನಪಡಿಸಿದಳು. ಸಕ್ಕರೆ ಕಾಯಿಲೆಯ ದೊಡ್ಡಪ್ಪ ವೆಂಕಟೇಶಯ್ಯನವರಿಗೆ ಚೀಲದ ತುಂಬ ಬೆಲ್ಲ. ಹೆಂಡತಿ ತಿರುಗಿ ನೋಡುವಷ್ಟರಲ್ಲಿ ನಾಲ್ಕು ಚೂರು ಒಳಗೆ ಹೋಗಿತ್ತು.

"ಮಗು ಕೈಯಾರೆ ಕೊಟ್ಟಿದ್ದು. ಬೇಡ ಅನ್ನೋಕಾಗತ್ತಾ?"

ಶ್ರೀವಾಣಿ ಗಂಡನ ಕಡೆ ತಿರುಗಿದಳು. "ಮಗು ಮೇಲೆ ಕಣ್ಣಿಡಿ ಅಂದಿದ್ದೆ."

"ತೊಂಬತ್ತು ನಿಮಿಷ ಏಕಾಗ್ರತೆ..." ಶಮಂತ ತೊದಲಿದ.

"ಯಾರದು?"

ಕೌಸಲ್ಯಮ್ಮ ಮಿಂಚುವನ್ನು ಹತ್ತಿರ ಎಳೆದುಕೊಂಡರು. "ಯಾರು ಪುಟ್ಟಿ ಹೀಗೆ ಮಾಡಿದ್ದು?"

"ನಾನೇ ಅಜ್ಜಿ. ಅಮ್ಮ ಎಲ್ಲಾ ಬೆರಕೆ ಮಾಡ್ಬಿಟ್ಟಿದ್ಳು. ನಾನು ಸರಿ ಮಾಡ್ದೆ."

ಕೌಸಲ್ಯಮ್ಮ ಕನ್ನಡಕ ತರಿಸಿಕೊಂಡರು. ಎಳ್ಳನ್ನು ತಟ್ಟೆಗೆ ಹರವಿ ಬೆರಳಾಡಿಸಿದರು. ಬೆಲ್ಲದ ಒಂದು ಪುಡಿಯೂ ಇಲ್ಲ. ಗಂಡನ ಕೈಯಿಂದ ಬೆಲ್ಲದ ಚೀಲ ಕಿತ್ತುಕೊಂಡು ನೋಡಿದರು. ಅಲ್ಲಿ ಒಂದು ಎಳ್ಳಿಲ್ಲ. ಅವರ ಮುಖದ ಗಂಟು ನಿಧಾನವಾಗಿ ಸಡಿಲವಾಯಿತು.

"ಒಂದೂ ತಪ್ಪಿಲ್ಲ. ಇಷ್ಟು ಚೊಕ್ಕವಾಗಿ ನನ್ನ ಕೈಲೂ ಆಗಲ್ಲ. ಬೆರಳು ಚುರುಕಿದೆ ಕಣೇ ನಿನ್ನ ಮಗಳಿಗೆ."

ದೀಪಾವಳಿಯಿಂದ ಬಿಗಿದುಕೊಂಡಿದ್ದ ಶ್ರೀವಾಣಿಯ ಮುಖದಲ್ಲಿ ನಗು ಕಾಣಿಸಿತು. ಅದನ್ನು ಕಂಡದ್ದೇ ತಡ, ಶಮಂತ ಗಂಟಲು ಸರಿಮಾಡಿಕೊಂಡು ಎದ್ದು ನಿಂತ.

"ಇದರ ಹಿಂದೆ ಒಂದು ಪದ್ಧತಿ ಇದೆ ದೊಡ್ಡಮ್ಮ. ನಾನು ಹನ್ನೊಂದು ಸೂತ್ರ..."

"ಅಪ್ಪಾ, ನಿಂಗೂ ಇದೆ," ಎಂದು ಮಿಂಚು ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಚೀಲ ತಂದುಕೊಟ್ಟಳು.

ಗುರುದಕ್ಷಿಣೆ ಎಂದುಕೊಂಡ ಶಮಂತ ಎಲ್ಲರಿಗೂ ಕಾಣುವಂತೆ ಅದನ್ನು ತಟ್ಟೆಗೆ ಸುರಿದ. ಕಡಲೆಬೀಜದ ಸಿಪ್ಪೆ, ಕೊಬ್ಬರಿ ನಾರು, ಒಂದು ಸಣ್ಣ ಕಲ್ಲು, ಪೆನ್ನಿನ ಕ್ಯಾಪು. ಎಲ್ಲದರ ಮೇಲೆ ಪಾಸ್‌ಪೋರ್ಟ್ ಸೈಜಿನ ಶಮಂತ ಮುಗುಳ್ನಗುತ್ತ ಬಂದು ಬಿದ್ದ.

"ಅದು ಆರನೇ ಬಟ್ಟಲಿಂದು," ಎಂದಳು ಮಿಂಚು.

"ಆರನೇ ಬಟ್ಟಲು ಅಂದ್ರೆ ಏನಮ್ಮಾ?" ಕೌಸಲ್ಯಮ್ಮ ಕೇಳಿದರು.

ಮಿಂಚು ಕೈಕಟ್ಟಿ ನಿಂತು ಪಾಠ ಒಪ್ಪಿಸಿದಳು. "ಯಾವುದಕ್ಕೂ ಸೇರದ್ದು, ಕೆಲಸಕ್ಕೆ ಬಾರದ್ದು."

ಕೌಸಲ್ಯಮ್ಮ ಫೋಟೋ ಎತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ಒಮ್ಮೆ ಅದನ್ನು, ಒಮ್ಮೆ ನಿಂತಿದ್ದ ಅಳಿಯನನ್ನು ನೋಡಿದರು. ಆಮೇಲೆ ಅದನ್ನು ಜೋಪಾನವಾಗಿ ಸಿಪ್ಪೆಯ ಮೇಲೇ ವಾಪಸ್ ಇಟ್ಟರು.

"ಇದರಲ್ಲೂ ತಪ್ಪಿಲ್ಲ," ಎಂದರು.