ಫಸ್ಟ್ ರೌಂಡ್ ದಾಟದ ನಮ್ ಮಾಸ್ಟ್ರು

ಉರಿಗಾಂನಾಗೆ ನಾವು ಶಟ್ಲ್ ಆಡೋ ಶೆಡ್ಡು ಐತಲ್ಲ, ಅಲ್ಲಿ ಒಂದ್ ದಿನಾನಾದ್ರೂ ಸುಮ್ನೆ ಓಗಿ, ಸುಮ್ನೆ ಆಡಿ, ಸುಮ್ನೆ ಮನೇಗೆ ಬಂದಿದ್ದು ನಂಗೆ ನೆನಪೇ ಇಲ್ಲ. ದಿನಾ ಏನಾರ ಒಂದ್ ಆಗ್ತಿತ್ತು, ದಿನಾ ನಗ್ತಿದ್ವಿ. ಈಗ ಮಾಸ್ಟ್ರು ತೀರ್ಕೊಂಡು ಮೂರ್ ತಿಂಗ್ಳಾಯ್ತು. ಈಗ್ಲೂ ಅವ್ರ ಮಾತು ತೆಗೆದ್ರೆ ಮೊದ್ಲು ನಗು ಬತ್ತೈತೆ, ಆಮೇಲೆ ಇನ್ನೊಂದು ಬತ್ತೈತೆ. ಆ ಇನ್ನೊಂದು ಬರೋದ್ರೊಳ್ಗೆ ಬೇಗ್ಬೇಗ ಎಲ್ಲಾ ಮಾತಾಡ್ಬಿಡ್ತೀನಿ, ಮಧ್ಯ ನಿಲ್ಲಿಸ್ಬೇಡಿ.

ಮಾಸ್ಟ್ರು ಅಂದ್ರೆ ನಮ್ ಕೋಚು. ಚಿನ್ನದ ಗಣಿ ನಡೀತಿದ್ದಾಗ ಭೂಮಿ ಒಳ್ಗೆ ಕೆಲ್ಸ ಮಾಡ್ದೋರು. ಗಣಿ ಮುಚ್ಚಿದ್ ಮೇಲೆ ಒಂದ್ ಹಳೇ ಶೆಡ್ಡಲ್ಲಿ ನೆಟ್ ಕಟ್ಟಿ, ಬಂದ್ ಮಕ್ಕಳ್ಗೆಲ್ಲ ಶಟ್ಲ್ ಕಲಿಸ್ತಾ ಕೂತ್ರು. ಇಪ್ಪತ್ ವರ್ಷ! ಅಷ್ಟ್ ವರ್ಷದಲ್ಲಿ ಅವ್ರ ಕೈಲಿ ಕಲ್ತೋರು ಒಬ್ರೂ, ಒಬ್ರಂದ್ರೆ ಒಬ್ರೂ, ಜಿಲ್ಲಾ ಟೂರ್ನಮೆಂಟಲ್ಲಿ ಫಸ್ಟ್ ರೌಂಡ್ ದಾಟ್ಲಿಲ್ಲ. ಅವ್ರಿಗಿದ್ದಿದ್ದು ಅದೊಂದೇ ಆಸೆ. ಕಪ್ ಬೇಡ, ಫೈನಲ್ ಬೇಡ, ಯಾರಾದ್ರೂ ಒಬ್ರು ಎರಡ್ನೇ ರೌಂಡ್‌ಗೆ ಓದ್ರು ಅಂತ ಕೇಳ್ಬೇಕು, ಅಷ್ಟೇ. ತಿರುಗಿ ತಿರುಗಿ ಕೊನೇಗೆ ಆ ಆಸೆ ಬಂದು ಕೂತಿದ್ದು ಯಾರ್ ತಲೆ ಮೇಲೆ ಗೊತ್ತಾ? ಬಂಗಾರಪೇಟೆ ಪಕ್ಕದ ಅಳ್ಳಿಯೋಳು, ಬೆಳಿಗ್ಗೆ ಎದ್ದು ಡೈರಿಗೆ ಆಲ್ ಆಕ್ಬಿಟ್ಟು ಬಸ್ ಇಡ್ಕೊಂಡ್ ಓಡಿಬರೋಳು, ನನ್ ತಲೆ ಮೇಲೆ!

೧. ಬೆಲ್ಲು

ಗಣಿ ಧೂಳು ಕುಡ್ದು ಕುಡ್ದು ಮಾಸ್ಟ್ರ ಎದೆ ಕೆಟ್ಟೋಗಿತ್ತು. ಸೀಟಿ ಊದಕ್ಕೆ ದಮ್ಮಿಲ್ಲ. ಊದಿದ್ರೆ ಸೀಟಿ ಬದ್ಲು ಕೆಮ್ಮು ಬರ್ತಿತ್ತು. ಸೀಟಿ ಇಲ್ದೆ ಕೋಚು ಎಂಗೆ? ಅದ್ಕೆ ಒಂದ್ ಸೈಕಲ್ ಬೆಲ್ ಬಿಚ್ಚಿ, ಚೇರಿನ ಕೈಗೆ ಬಿಗಿದು, ಕೂತ್ಕೊಂಡೇ ಕೋಚಿಂಗು. ಗಣೀಲಿ ಜನಾನ ಇಳ್ಸಿ ಏರ್ಸೋ ಕೇಜ್ ಅಂತ ಇತ್ತಂತೆ, ಲಿಫ್ಟ್ ಥರ. ಅದಕ್ಕೆ ಬೆಲ್ ಒಡೆಯೋದೇ ಇವ್ರ ಕೆಲ್ಸ ಆಗಿತ್ತಂತೆ. ಅದೇ ಲೆಕ್ಕ ನಮ್ಗೂ. ಒಂದ್ ಬೆಲ್ಲು, ನಿಲ್ಲು. ಎರಡು, ಕೆಳಕ್ಕೆ, ಅಂದ್ರೆ ನೆಟ್ ಪಕ್ಕ ಡ್ರಾಪ್ ಆಕು. ಮೂರು, ಮೇಲಕ್ಕೆ, ಅಂದ್ರೆ ಎತ್ತಿ ಇಂದ್ಗಡೆಗೆ ಒಡಿ.

ಒಂದ್ಸಲ ಬಂಗಾರಪೇಟೇಲಿ ಒಂದ್ ಸಣ್ಣ ಟೂರ್ನಮೆಂಟು. ಆಟ ನಡೀತಿರ್ಬೇಕಾದ್ರೆ ಕೋಚು ಬಾಯ್ ಬಿಡಂಗಿಲ್ಲ, ಅದು ರೂಲ್ಸು. ಮಾಸ್ಟ್ರು ಬೆಲ್ಲೇ ತಂದಿರ್ಲಿಲ್ಲ, ಕೈ ಕಟ್ಕೊಂಡು ಕೂತಿದ್ರು. ನಾನು ಸರ್ವ್ ಮಾಡಿದ್ನಾ, ಕಿಟ್ಕಿ ಆಚೆ ಟ್ರಿಣ್ ಟ್ರಿಣ್! ಕೈ ತಂತಾನೇ ಡ್ರಾಪ್ ಆಕ್ತು. ಪಾಯಿಂಟು! ಮತ್ತೆ ಟ್ರಿಣ್ ಟ್ರಿಣ್ ಟ್ರಿಣ್. ಎತ್ತಿ ಒಡ್ದೆ. ಅದೂ ಪಾಯಿಂಟು! ಆಮೇಲೆ ಒಂದೇ ಒಂದು ಟ್ರಿಣ್. ನಿಂತ್ಬಿಟ್ಟೆ. ಶಟ್ಲ್ ಕಾಕ್ ಬಂದು ನನ್ ಕಾಲತ್ರ ಬಿತ್ತು, ನಾನು ಅದನ್ನ ನೋಡ್ತಾ ನಿಂತಿದ್ದೆ.

"ಆ ಮುದುಕಪ್ಪ ಬೆಲ್ ಒಡ್ದು ಏಳ್ಕೊಡ್ತಾವ್ರೆ!" ಅಂತ ಎದುರಿನೋರ ಗಲಾಟೆ. ಅಂಪೈರು ಬಂದು ಮಾಸ್ಟ್ರ ಜೇಬು ನೋಡಿದ್ರು. ಸಿಕ್ಕಿದ್ದು ಬಾಯಿಗೆ ಒತ್ಕೊಂಡು ಉಸಿರ್ ಎಳ್ಕೊಳ್ಳೋ ಪಂಪು ಒಂದೇ. ಆಮೇಲೆ ಕಿಟ್ಕೀಲಿ ಇಣುಕಿದ್ರೆ, ಐಸ್ ಗಾಡಿಯೋನು! ಸುತ್ತ ಮಕ್ಕಳು. ವ್ಯಾಪಾರ ಜೋರು. ಮ್ಯಾಚ್ ಮುಗ್ಯೋವರ್ಗೂ ಆವಪ್ಪ ಅಲ್ಲಿಂದ ಅಲ್ಲಾಡ್ಲಿಲ್ಲ. ಅವ್ನು ಒಡ್ದಂಗೆಲ್ಲ ನಾನು ಇಳ್ಸಿದೆ, ಏರ್ಸಿದೆ, ನಿಂತೆ. ಸೋತೆ.

"ಸಾರಿ ಮಾಸ್ಟ್ರೇ," ಅಂದೆ.

"ಸಾರಿ ಯಾಕ್ ಪಾಪಾ? ನಾನ್ ಒಡ್ದಾಗ ಒಂದ್ ದಿನಾನಾದ್ರೂ ಇಷ್ಟ್ ಚೆನ್ನಾಗ್ ಕೇಳಿದ್ಯಾ? ನಾಳೆಯಿಂದ ಆ ಐಸ್‌ನೋನ್ನೇ ಕರ್ಕೊಂಡ್ ಬತ್ತೀನಿ," ಅಂದ್ರು.

೨. ತೊಲೆ

ನಮ್ ಶೆಡ್ಡಿನ ಸೂರು ಬಲು ತಗ್ಗು. ಕೋರ್ಟ್ ನಡುವಿಗೆ ಅಡ್ಡಡ್ಡ ಒಂದ್ ಕಬ್ಬಿಣದ ತೊಲೆ. ಸ್ವಲ್ಪ ಜಾಸ್ತಿ ಎತ್ತಿದ್ರೆ ಕಾಕ್ ಓಗಿ ಅದಕ್ಕೆ ತಗುಲ್ತಿತ್ತು. ತಗುಲ್ದ್ರೆ ಪಾಯಿಂಟ್ ಇಲ್ಲ, 'ಲೆಟ್' ಅಂತ ಕೈ ಎತ್ತಿ ಮತ್ತೆ ಮೊದ್ಲಿಂದ ಆಡೋದು. ಇದು ನಮ್ ಶೆಡ್ಡಿನ ಕಾನೂನು. ದಿನಾ ಎತ್ತಿ ಎತ್ತಿ ಕೈಗೆ ಅಭ್ಯಾಸ ಆಗೋಗಿತ್ತು.

ಕೋಲಾರದಲ್ಲಿ ನಂದು ಮೊದಲ್ನೇ ಜಿಲ್ಲಾ ಟೂರ್ನಮೆಂಟು. ಒಳಿಕ್ಕೆ ಓಗಿ ಸೂರು ನೋಡ್ತೀನಿ, ಅಯ್ಯಪ್ಪಾ, ಅಲ್ಲಿ ಪಾರಿವಾಳ ಆರಾಡ್ತಾವೆ! ಆಟ ಶುರುವಾಯ್ತು. ಎದುರಿನ್ ಉಡ್ಗಿ ಎತ್ತಿದ್ಲು ನೋಡಿ, ಕಾಕ್ ಓಯ್ತು, ಓಯ್ತು, ಇನ್ನೂ ಓಗ್ತಾನೇ ಇತ್ತು. ನಾನು ಕೈ ಎತ್ತಿ "ಲೆಟ್!" ಅಂದೆ. ಅದು ನಿಧಾನಕ್ಕೆ ಇಳ್ದು ಬಂದು ನನ್ ಇಂದೆ ಗೆರೆ ಒಳ್ಗೆ ಬಿತ್ತು.

"ಯಾಕಮ್ಮಾ ಲೆಟ್?" ಅಂದ್ರು ಅಂಪೈರು.

"ತೊಲೆ ಸಾರ್."

"ಎಲ್ಲಿದೆ ತೊಲೆ?"

ಅವ್ರು ಮೇಲೆ ನೋಡಿದ್ರು. ಎದುರಿನ್ ಉಡ್ಗೀನೂ ನೋಡಿದ್ಲು. ಕೂತಿದ್ ಜನ ಎಲ್ಲಾ ತಲೆ ಎತ್ತಿ ನೋಡಿದ್ರು. ಪಾರಿವಾಳ ಮಾತ್ರ ಬಗ್ಗಿ ನಮ್ಮನ್ನ ನೋಡ್ತು.

"ನಮ್ಮೂರಲ್ಲಿ ಐತೆ ಸಾರ್," ಅಂದೆ.

ಗೊತ್ತಾದ್ಮೇಲೂ ಬಿಡ್ಬೇಕಲ್ಲ ಈ ಕೈ! ಇನ್ನೂ ಐದ್ ಸಲ ಎತ್ತಿದೆ. ಐದ್ ಪಾಯಿಂಟ್ ಅಂಗೇ ಓಯ್ತು. ಬಸ್ಸಲ್ಲಿ ಬರ್ತಾ ಮಾಸ್ಟ್ರು ಕಿಟ್ಕಿ ಕಡೆ ಮಖ ಮಾಡ್ಕೊಂಡು ಕೂತಿದ್ರು. ಬಂಗಾರಪೇಟೆ ಬಂದ್ಮೇಲೆ ಮೆಲ್ಲಗೆ ಅಂದ್ರು, "ನಾನು ಗಣೀಲಿ ತಲೆ ಬಗ್ಗಿಸ್ಕೊಂಡೇ ನಡ್ದೋನು ಪಾಪಾ. ನಿಮ್ಗೂ ಅದನ್ನೇ ಕಲಿಸ್ಬಿಟ್ಟೆ."

ಮಾರ್ನೇ ದಿನ ಬೆಳಿಗ್ಗೆ ಬಂದು ನೋಡ್ತೀನಿ, ಮಾಸ್ಟ್ರು ನೆಟ್ ಬಿಚ್ಕೊಂಡು ಓಗಿ ಬಯಲಲ್ಲಿ ಕಟ್ಟವ್ರೆ! ಸೈನೈಡ್ ದಿಬ್ಬದ ಪಕ್ಕ. ಚಿನ್ನ ತೆಗ್ದು ಉಳಿದ್ ಮಣ್ಣು ಸುರ್ದು ಸುರ್ದು ಗುಡ್ಡ ಆಗೈತಲ್ಲ, ಅದರ ಪಕ್ಕ. ಗಾಳಿ ಅಂದ್ರೆ ಅಲ್ಲಿ ಗಾಳಿ.

"ಒಡಿ ಪಾಪಾ, ಎಷ್ಟ್ ಮೇಲಕ್ಕಾದ್ರೂ ಒಡಿ!"

ಒಡ್ದೆ. ಕಾಕ್ ಎದ್ದು, ಗಾಳೀಗೆ ಸಿಕ್ಕಿ, ನೆಟ್ ಬಿಟ್ಟು, ಬಯಲು ಬಿಟ್ಟು, ರೋಡ್ ದಾಟಿ ಓಯ್ತು. ಇಬ್ರೂ ಅಣೆಗೆ ಕೈ ಇಟ್ಕೊಂಡು ನೋಡ್ತಾ ನಿಂತ್ವಿ.

"ಪಾತ್ತಿಯಾ?" ಅಂದ್ರು, ನೋಡ್ದ್ಯಾ ಅಂತ ಅವ್ರ ತಮಿಳಲ್ಲಿ. "ತೊಲೆ ಇಲ್ಲ."

ರೋಡ್ ಕಡೆ ಇನ್ನೊಂದ್ಸಲ ನೋಡಿ, "ಕಾಕೂ ಇಲ್ಲ," ಅಂದ್ರು.

೩. ನಮ್ಮಜ್ಜಿ ಕೇಳಿದ್ದು

ಮನೇಲಿ ಆಟ ಇನ್ ಸಾಕು, ಗಂಡ್ ನೋಡ್ತೀವಿ ಅಂದ್ರು. ನಾನು ಅತ್ತೆ, ಊಟ ಬಿಟ್ಟೆ, ಏನೂ ನಡೀಲಿಲ್ಲ. ಇದನ್ನ ಕೇಳಿ ಮಾಸ್ಟ್ರು ನಮ್ಮಳ್ಳಿಗೇ ಬಂದ್ಬಿಟ್ರು! ಬಸ್‌ಸ್ಟಾಪಿಂದ ನಮ್ಮನೇಗೆ ಎರಡ್ ನಿಮಿಷದ ದಾರಿ, ಅಷ್ಟ್ರಲ್ಲಿ ಮೂರ್ ಕಡೆ ಕೂತ್ಕೊಂಡು ಬಂದ್ರು. ಅಜ್ಜಿ ಕೊಟ್ಗೇಲಿ ಆಲ್ ಕರೀತಾ ಕೂತಿತ್ತು. ನಮ್ಮನೇಲಿ ಅಜ್ಜಿ ಮಾತೇ ಕೊನೇ ಮಾತು.

"ಇವ್ಳು ಗೆದ್ರೆ ಏನಪ್ಪಾ ಆಯ್ತದೆ?"

"ಇನ್ನೊಂದ್ ಮ್ಯಾಚ್ ಆಡ್ಬೇಕಮ್ಮಾ."

"ಅದ್ರಾಗೂ ಗೆದ್ರೆ?"

"ಇನ್ನೊಂದು."

"ಸೋತ್ರೆ?"

"ಮನೇಗ್ ಬರ್ತಾಳೆ."

"ಅಂಗಾದ್ರೆ ಸೋಲೇ ಒಳ್ಳೇದು ಕಣಪ್ಪಾ, ಆಲ್ ಕರ್ಯೋ ಒತ್ಗೆ ಬತ್ತಾಳೆ!"

ಮಾಸ್ಟ್ರಿಗೆ ನಗು ತಡ್ಯಕ್ಕಾಗ್ಲಿಲ್ಲ. ನಗು ಕೆಮ್ಮಾಯ್ತು, ಕೆಮ್ಮು ನಿಲ್ಲಲೇ ಇಲ್ಲ, ಮಖ ಎಲ್ಲಾ ನೀಲಿ. ಎಮ್ಮೆ ಎದ್ರಿ ಕಾಲ್ ಜಾಡ್ಸಿ ಆಲೆಲ್ಲ ಚೆಲ್ತು. ಅಜ್ಜಿ ಓಡ್ಬಂದು ಮಾಸ್ಟ್ರ ಬೆನ್ ತಟ್ತಾ ಕೂಗ್ಕೊಂತು, "ಆಡ್ಲಿ ಕಣಪ್ಪಾ, ಎಷ್ಟ್ ವರ್ಷಾನಾದ್ರೂ ಆಡ್ಲಿ! ನೀನು ನಮ್ ಕೊಟ್ಗೇಲಿ ಮಾತ್ರ ಸಾಯ್ಬೇಡ!"

೪. ಆವಿ

ಈ ಪುಕ್ಕದ ಕಾಕ್ ಐತಲ್ಲ, ಒಣಗಿದ್ರೆ ಪುಕ್ಕ ಪಟ್ ಪಟ್ ಅಂತ ಮುರೀತವೆ. ಆವಿ ಇಡ್ದು ಇಟ್ರೆ ಬಾಳಿಕೆ ಜಾಸ್ತಿ. ಮಾಸ್ಟ್ರಿಗೂ ಡಾಕ್ಟ್ರು ದಿನಾ ಎರಡ್ ಒತ್ತು ಆವಿ ತಗೋಬೇಕು ಅಂದಿದ್ರು. ಮಾಸ್ಟ್ರ ಎಂಡ್ತಿ, ನಾವು ಮಾಸ್ಟ್ರಮ್ಮ ಅಂತೀವಿ, ಅದಕ್ಕೇ ಅಂತ ಒಂದ್ ಮಿಷನ್ ತಂದಿದ್ರು. ಎರಡ್ ಒತ್ತೂ ತಲೆ ತುಂಬ ಟವಲ್ ಒದ್ಕೊಂಡು ಮಾಸ್ಟ್ರು ಕೂರ್ತಿದ್ರು. ಕೆಮ್ಮು ಮಾತ್ರ ದಿನದಿನಕ್ಕೆ ಜಾಸ್ತಿ.

ಒಂದಿನ ನಾನು ಅವ್ರ ಮನೇಗೆ ಓದಾಗ ಮಾಸ್ಟ್ರಮ್ಮ ಮೆಲ್ಲಗೆ ಬಂದು ಟವಲ್ ಎಳುದ್ರು. ನೋಡುದ್ರೆ ಒಳ್ಗೆ ಮಾಸ್ಟ್ರ ಮಖ ಒಂದ್ ಕಡೆ, ಆವಿ ಒಂದ್ ಕಡೆ! ಆವಿ ಮುಂದೆ ಸಾಲಾಗಿ ಆರ್ ಕಾಕು.

"ಡಾಕ್ಟ್ರು ಆವಿ ಕುಡೀರಿ ಅಂದಿದ್ದು ನಿಮ್ಗೆ! ಈ ಪುಕ್ಕಕ್ಕಲ್ಲ!" ಅಂತ ಮಾಸ್ಟ್ರಮ್ಮ ಕಿರುಚಿದ್ರು.

ಮಾಸ್ಟ್ರು ಕಳ್ಳನ ಥರ ನಕ್ಕು, "ಅದು ಆವಿ ಕುಡುದ್ರೆ ಇನ್ನೊಂದ್ ವಾರ ಬಾಳ್ತೈತೆ ಕಣೇ. ನಾನ್ ಕುಡುದ್ರೆ ಆ ಗ್ಯಾರಂಟಿ ಐತಾ?" ಅಂದ್ರು.

ಮಾಸ್ಟ್ರಮ್ಮ ಟವಲ್ ಕೈಲಿ ಇಂಡಿದ್ರು. ಆಮೇಲೆ ಬಗ್ಗಿ, ಮಂಚದ ಕೆಳ್ಗೆ ಉಳ್ಳೋಗಿದ್ದ ಎರಡ್ ಕಾಕ್ ತಂದು ಸಾಲಿಗೆ ಇಟ್ರು.

"ಇವೆರಡನ್ನ ಬಿಟ್ಬಿಟ್ಟಿದ್ದೀರ," ಅಂದ್ರು.

೫. ದಾಟಿದ್ದು

ಈ ಸಲದ ಜಿಲ್ಲಾ ಟೂರ್ನಮೆಂಟ್ ಬರೋ ಒತ್ಗೆ ಮಾಸ್ಟ್ರು ಆಸ್ಪತ್ರೆ ಸೇರಿದ್ರು, ರಾಬರ್ಟ್‌ಸನ್‌ಪೇಟೇಲಿ. ಮೂಗಿಗೆ ಆಕ್ಸಿಜನ್ ಪೈಪು. ನಾನು ಟೂರ್ನಮೆಂಟಿಗೆ ಒಂದ್ ದಿನ ಮುಂಚೆ ಓಗಿದ್ದಾಗ, "ಗೆದ್ರೆ ಸೀದಾ ಇಲ್ಲಿಗ್ ಬಾ. ಸೋತ್ರೂ ಬಾ, ಆದ್ರೆ ನಿಧಾನಕ್ ಬಾ," ಅಂದ್ರು.

ಕೋಲಾರದಲ್ಲಿ ನನ್ ಎಸ್ರು ಕೂಗಿದ್ರು, ಓಗಿ ನಿಂತೆ. ಎದುರಿನ್ ಉಡ್ಗಿ ಎಸ್ರು ಕೂಗಿದ್ರು. ಬರ್ಲಿಲ್ಲ. ಇನ್ನೊಂದ್ಸಲ, ಮತ್ತೊಂದ್ಸಲ. ಅಂಪೈರು ಗಡಿಯಾರ ನೋಡಿ "ವಾಕೋವರ್" ಅಂದ್ರು. ಅಂದ್ರೆ ಎದುರಿನೋರು ಬರ್ಲಿಲ್ಲ, ನಾನ್ ಗೆದ್ದಂಗೆ! ಇಪ್ಪತ್ ವರ್ಷ ಆದ್ಮೇಲೆ ನಮ್ ಶೆಡ್ಡಿಂದ ಒಬ್ಳು ಫಸ್ಟ್ ರೌಂಡ್ ದಾಟಿದ್ಲು, ಒಂದ್ ಅನಿ ಬೆವ್ರಿಲ್ದೆ.

"ಸಾರ್, ಒಂದೇ ಒಂದ್ ಸರ್ವ್ ಮಾಡ್ಲಾ?" ಅಂದೆ.

"ಯಾರಿಗಮ್ಮಾ?"

ಮಾಡೇಬಿಟ್ಟೆ. ಕಾಕ್ ಆ ಕಡೆ ಸರಿಯಾಗಿ ಗೆರೆ ಒಳ್ಗೆ ಬಿತ್ತು. ಎತ್ಕೊಡಕ್ಕೂ ಯಾರಿಲ್ಲ, ನಾನೇ ನೆಟ್ ಕೆಳ್ಗೆ ನುಗ್ಗಿ ಎತ್ಕೊಂಡ್ ಬಂದೆ.

ಎರಡ್ನೇ ರೌಂಡ್ ಮಾರ್ನೇ ದಿನಕ್ಕಿತ್ತು. ಬಸ್ಸಲ್ಲಿ ಉದ್ದಕ್ಕೂ ಒಂದೇ ಯೋಚ್ನೆ. ಇಪ್ಪತ್ ವರ್ಷ ಕಾದೋರ ಮುಂದೆ ನಿಂತ್ಕೊಂಡು 'ಯಾರೂ ಬರ್ಲೇ ಇಲ್ಲ ಮಾಸ್ಟ್ರೇ' ಅಂತ ಎಂಗ್ ಅನ್ನೋದು? ವಾರ್ಡ್ ಬಾಗಿಲಲ್ಲೇ ಕೂಗ್ದೆ, "ಗೆದ್ದೆ ಮಾಸ್ಟ್ರೇ!"

ಕಣ್ ತೆರುದ್ರು. ಆ ಕಣ್ಣು ನೋಡ್ಬೇಕಿತ್ತು ನೀವು. "ಎಂಗ್ ಗೆದ್ದೆ?"

ಶುರು ಮಾಡ್ದೆ ನೋಡಿ! ಮಂಚ ಮಂಚದ ಮಧ್ಯ ಓಡಾಡ್ಕೊಂಡು, ಇಲ್ದಿರೋ ಬ್ಯಾಟ್ ಬೀಸ್ಕೊಂಡು! "ಫಸ್ಟ್ ಗೇಮ್ ನಂದು, ಇಪ್ಪತ್ತೊಂದು ಹದಿನೇಳು. ಆದ್ರೆ ಆ ಉಡ್ಗಿ ಏನ್ ಓಡ್ತಾಳೆ ಗೊತ್ತಾ ಮಾಸ್ಟ್ರೇ, ಮೇಕೆ ಮರಿ ಥರ ನೆಗೀತಾಳೆ! ಎರಡ್ನೇ ಗೇಮ್ ಹತ್ತೊಂಬತ್ತು ಇಪ್ಪತ್ತು. ಬ್ಯಾಕ್‌ಹ್ಯಾಂಡ್ ಒಡ್ದೆ, ನೆಟ್‌ಗೆ ಓಯ್ತು, ಆ ಗೇಮ್ ಅವ್ಳಿಗೆ."

"ಯಾಕ್ ಬ್ಯಾಕ್‌ಹ್ಯಾಂಡು? ಸುತ್ತಿ ಬಂದು ಫೋರ್‌ಹ್ಯಾಂಡಲ್ಲಿ ಒಡೀಬೇಕಿತ್ತು."

"ಟೈಮ್ ಇರ್ಲಿಲ್ಲ ಮಾಸ್ಟ್ರೇ."

"ಇತ್ತು."

"ಇರ್ಲಿಲ್ಲ!" ಆಡ್ದೇ ಇರೋ ಆಟಕ್ಕೆ ಬೈಸ್ಕೊಂಡು ನಂಗೆ ನಿಜ್ವಾಗ್ಲೂ ಕೋಪ ಬಂದಿತ್ತು. ಆ ಕೋಪದಲ್ಲೇ ಮೂರ್ನೇ ಗೇಮ್ ಆಡ್ದೆ. ಇಪ್ಪತ್ತು ಹತ್ತೊಂಬತ್ತು, ನೆಗೆದು ಒಂದ್ ಸ್ಮ್ಯಾಷು! ನರ್ಸಮ್ಮ ಓಡ್ಬಂದು, "ಇದು ಆಸ್ಪತ್ರೆ ಕಣಮ್ಮಾ!" ಅಂತ ಬೈದು, ಬಾಗಿಲತ್ರ ಓಗಿ ತಿರುಗಿ, "ಗೆದ್ದಿದ್ ಯಾರು?" ಅಂದ್ರು.

ಮಾಸ್ಟ್ರಮ್ಮ ಬಾಯಿಗೆ ಸೆರಗು ಒತ್ಕೊಂಡಿದ್ರು. ಅಳ್ತಾವ್ರೆ ಅಂದ್ಕೊಂಡೆ. ನಗ್ತಿದ್ರು.

"ಆ ಉಡ್ಗಿ ಕೋಚು ನನ್ ಜೊತೆ ಗಣೀಲಿ ಇದ್ದೋನು ಪಾಪಾ," ಅಂದ್ರು ಮಾಸ್ಟ್ರು, ಒಂದೊಂದ್ ಮಾತಿಗೂ ನಿಂತು ನಿಂತು. "ಬೆಳಿಗ್ಗೇನೇ ಫೋನ್ ಮಾಡಿದ್ದ. ನೆನ್ನೆ ಮೆಟ್ಲಲ್ಲಿ ಜಾರಿ ಅವ್ಳ ಕಾಲ್ ಮುರ್ದೈತಂತೆ. ಮೇಕೆ ಮರಿ ಥರ ನೆಗೀತಿದ್ಲಾ?"

ನಂಗೆ ಮಖ ಎಲ್ಲಿ ಇಟ್ಕೊಳ್ಳೋದು ಗೊತ್ತಾಗ್ಲಿಲ್ಲ. "ಮತ್ತೆ... ಗೊತ್ತಿದ್ದೂ ಬೈದ್ರಲ್ಲ ಮಾಸ್ಟ್ರೇ?"

"ತಪ್ ಒಡುದ್ರೆ ಬೈಬೇಡ್ವಾ?"

ನನ್ ಮಣಿಕಟ್ಟು ಇಡ್ಕೊಂಡ್ರು. ಉಸಿರ್ ಎಳ್ಕೊಳ್ಳಕ್ಕೆ ಬಾಳ ಒತ್ತಾಯ್ತು. ಆಮೇಲೆ ಅಂದ್ರು, "ಚೆನ್ನಾಗಿತ್ತು. ಇನ್ನೊಂದ್ಸಲ ಆಡ್ ತೋರ್ಸು. ಆದ್ರೆ ಮೂರ್ ಗೇಮ್ ನೋಡಕ್ಕೆ ನನ್ ಅತ್ರ ಉಸಿರಿಲ್ಲ ಪಾಪಾ. ಎರಡ್ರಲ್ಲೇ ಮುಗ್ಸು."

ಮಂಚದ ಮಧ್ಯ ಮತ್ತೆ ಶುರು ಮಾಡ್ದೆ, ಈ ಸಲ ಸುತ್ತಿ ಬಂದು ಫೋರ್‌ಹ್ಯಾಂಡಲ್ಲಿ ಒಡ್ದೆ. ಎರಡ್ರಲ್ಲೇ ಮುಗಿಸ್ದೆ.